ಮಟೀರಿಯಲ್ ಫ್ಯಾಕ್ಟ್: ಬಿಟ್ಟ ಚಟವೂ ವಿಮೆಯ ಫಾರ್ಮಿಗೆ ಬೇಕು

ಜೀವ ವಿಮೆಯ ಅರ್ಜಿ ಒಪ್ಪಬೇಕೇ, ಒಪ್ಪಿದರೆ ಪ್ರೀಮಿಯಂ ಎಷ್ಟು ಎಂಬ ವಿಮಾ ಕಂಪನಿಯ ತೀರ್ಮಾನವನ್ನು ಬದಲಿಸಬಲ್ಲ ಸಂಗತಿಗೆ ‘ಮಟೀರಿಯಲ್ ಫ್ಯಾಕ್ಟ್’ ಎನ್ನುತ್ತಾರೆ. ಅದನ್ನು ಹೇಳದೆ ಉಳಿಸಿಕೊಂಡರೆ ‘ನಾನ್ ಡಿಸ್‌ಕ್ಲೋಷರ್’. ಹಿಂದೆ ಕುಡಿಯುತ್ತಿದ್ದದ್ದು, ಗಾಂಜಾ ಸೇದಿದ್ದು, ಚಟ ಬಿಡಿಸುವ ಚಿಕಿತ್ಸೆ ಪಡೆದದ್ದು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುತ್ತವೆ.

ಫಾರ್ಮಿನ ಪ್ರಶ್ನೆಯನ್ನು ಪದಪದ ಓದಬೇಕು. ‘ಈಗ ಸೇವಿಸುತ್ತೀರಾ’ ಎನ್ನುವುದು ಒಂದು, ‘ಎಂದಾದರೂ ಸೇವಿಸಿದ್ದೀರಾ, ಚಿಕಿತ್ಸೆ ಪಡೆದಿದ್ದೀರಾ’ ಎನ್ನುವುದು ಇನ್ನೊಂದು. ಐದು ವರ್ಷದ ಹಿಂದೆ ಬಿಟ್ಟವರು ಮೊದಲನೆಯದಕ್ಕೆ ‘ಇಲ್ಲ’ ಎಂದರೆ ಸರಿ, ಎರಡನೆಯದಕ್ಕೂ ‘ಇಲ್ಲ’ ಎಂದರೆ ಸುಳ್ಳು. ತಂಬಾಕೆಂದರೆ ಸಿಗರೇಟು, ಬೀಡಿ ಮಾತ್ರವಲ್ಲ. ಎಲೆಅಡಿಕೆ ಜೊತೆ ಹಾಕುವ ಹೊಗೆಸೊಪ್ಪೂ ಸೇರುತ್ತದೆ.

ಕೊಡಗಿನಲ್ಲಿ ತೊಡಕು ಬರುವುದು ಪ್ರಮಾಣದ ಪ್ರಶ್ನೆಯಲ್ಲಿ. ಮದುವೆಮನೆ, ಹಬ್ಬ, ಮಿಲಿಟರಿ ಕ್ಯಾಂಟೀನಿನ ಮದ್ಯದ ಕೋಟಾ ಎಲ್ಲವೂ ‘ಅಪರೂಪಕ್ಕೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಕಂಪನಿಗೆ ಬೇಕಾದದ್ದು ವಾರದ ಲೆಕ್ಕ. 42.8 ಶೇಕಡಾದ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 5 ಶೇಕಡಾದ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ, ಅಂದರೆ ಎರಡೂವರೆ ಪೆಗ್. ಕ್ವಾರ್ಟರ್ (180 ಮಿ.ಲೀ.) ಎಂದರೆ ಆರು ಪೆಗ್. ಮನೆಯ ವೈನ್‌ಗೆ ಇಂಥ ಅಳತೆಯಿಲ್ಲ. ವಾರಕ್ಕೆ ಎಷ್ಟು ಗ್ಲಾಸ್ ಎಂದು ನೇರವಾಗಿ ಬರೆಯಿರಿ.

ಬಿಟ್ಟವರು ಕೊಡಬೇಕಾದ ವಿವರ: ಯಾವ ವಸ್ತು, ಎಷ್ಟು ಕಾಲ, ಗರಿಷ್ಠ ಎಷ್ಟು, ಯಾವ ತಿಂಗಳು ಬಿಟ್ಟದ್ದು, ನಡುವೆ ಮತ್ತೆ ಶುರುವಾಗಿತ್ತೇ, ಚಿಕಿತ್ಸೆ ಎಲ್ಲಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ದಾಖಲಾಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಮತ್ತು ಇತ್ತೀಚಿನ ಲಿವರ್ ಪರೀಕ್ಷೆಯ ವರದಿಯನ್ನು ಲಗತ್ತಿಸಿ. ಕಂಪನಿ ಮಾಮೂಲಿ ದರಕ್ಕೆ ಒಪ್ಪಬಹುದು, ಹೆಚ್ಚುವರಿ ಪ್ರೀಮಿಯಂ ಹಾಕಬಹುದು, ಕೆಲವು ಕಾಲ ಮುಂದೂಡಬಹುದು, ತಿರಸ್ಕರಿಸಲೂಬಹುದು. ಬಿಟ್ಟು ವರ್ಷಗಳಾಗಿದ್ದು ಲಿವರ್ ಚೆನ್ನಾಗಿದ್ದರೆ ಅರ್ಜಿಗೆ ಬಲ ಬರುತ್ತದೆ. ಮುಂದೂಡಿದ್ದು, ತಿರಸ್ಕರಿಸಿದ್ದು ಕೂಡ ಮುಂದಿನ ಫಾರ್ಮಿನಲ್ಲಿ ಕೇಳುವ ಪ್ರಶ್ನೆಯೇ.

ಹೆಚ್ಚಿನ ಅನಾಹುತ ಫಾರ್ಮ್ ತುಂಬುವ ಕೈಯಲ್ಲಿ ನಡೆಯುತ್ತದೆ. ಏಜೆಂಟ್ ನೆಂಟರೋ ಪಕ್ಕದ ತೋಟದವರೋ ಆಗಿರುತ್ತಾರೆ. ಅವರೆದುರು ಹಳೆಯ ವಿಷಯ ತೆಗೆಯಲು ನಾಚಿಕೆ, ಅವರಿಗೂ ಕೇಳಲು ಮುಜುಗರ. ಕೊನೆಗೆ ಎಲ್ಲ ಕಾಲಂಗೂ ‘ಇಲ್ಲ’ ಬಿದ್ದು, ಕೆಳಗೆ ನಿಮ್ಮ ಸಹಿ. ಏಜೆಂಟ್‌ಗೆ ಬಾಯಲ್ಲಿ ಹೇಳಿದ್ದು ಮುಂದೆ ಸಾಬೀತಾಗುವುದು ಕಷ್ಟ. ಆ ಪುಟವನ್ನು ನೀವೇ ತುಂಬಿ, ಇಲ್ಲವೇ ಅರ್ಜಿ ಸಂಖ್ಯೆ ಹಾಕಿ ಕಂಪನಿಗೇ ಇಮೇಲ್ ಕಳಿಸಿ. ಪಾಲಿಸಿ ಬಂದ ಮೇಲೆ ಜೊತೆಗಿರುವ ಫಾರ್ಮಿನ ಪ್ರತಿಯನ್ನು ಓದಿ. ತಪ್ಪಿದ್ದರೆ ಬರವಣಿಗೆಯಲ್ಲಿ ತಿದ್ದಿಸಿ, ಇಷ್ಟವಿಲ್ಲದಿದ್ದರೆ 30 ದಿನದ ಫ್ರೀ ಲುಕ್ ಅವಧಿಯಲ್ಲಿ ವಾಪಸ್ ಮಾಡಿ.

ಮುಚ್ಚಿಟ್ಟದ್ದು ಹೊರಬರುವ ದಾರಿಗಳು ಸರಳ. ಮೂತ್ರದಲ್ಲಿ ಕೋಟಿನಿನ್ ಕಂಡರೆ ಇತ್ತೀಚೆಗೆ ನಿಕೋಟಿನ್ ಒಳಗೆ ಹೋಗಿದೆ ಎಂದರ್ಥ. ರಕ್ತದಲ್ಲಿ ಜಿಜಿಟಿ ಎಂಬ ಲಿವರ್ ಕಿಣ್ವ ಏರಿದ್ದರೆ ಕಂಪನಿ ಕುಡಿತದ ಬಗ್ಗೆ ಇನ್ನಷ್ಟು ಕೇಳುತ್ತದೆ. ಪರೀಕ್ಷೆ ದಾಟಿದರೂ, ಪಾಲಿಸಿಯ ಮೊದಲ ವರ್ಷಗಳಲ್ಲಿ ಸಾವಾದರೆ ತನಿಖೆಯವರು ಆಸ್ಪತ್ರೆಯ ಕೇಸ್ ಶೀಟ್ ತರಿಸುತ್ತಾರೆ. ‘ಹತ್ತು ವರ್ಷದಿಂದ ಮದ್ಯಪಾನ’ ಎಂದು ಡ್ಯೂಟಿ ಡಾಕ್ಟರ್ ಎಂದೋ ಬರೆದ ಸಾಲು ಅಲ್ಲಿರುತ್ತದೆ. ಅದನ್ನು ಹೇಳಿರುವವರು ಸಾಮಾನ್ಯವಾಗಿ ಮನೆಯವರೇ.

1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 3 ವರ್ಷ ದಾಟಿದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಅದರೊಳಗೆ ವಂಚನೆ ಅಥವಾ ಮಹತ್ವದ ಸಂಗತಿ ಮುಚ್ಚಿಟ್ಟ ಕಾರಣಕ್ಕೆ ರದ್ದು ಮಾಡಬಹುದು. ವಂಚನೆಯಲ್ಲ ಎಂದಾದರೆ ಕಟ್ಟಿದ ಪ್ರೀಮಿಯಂ 90 ದಿನದಲ್ಲಿ ಮರಳಬೇಕು, ವಿಮಾ ಮೊತ್ತ ಸಿಗದು. ವಂಚನೆ ಎಂದಾದರೆ ಈ ಮರುಪಾವತಿಯ ಭರವಸೆಯೂ ಇಲ್ಲ. ಕ್ಲೇಮ್ ತಿರಸ್ಕೃತವಾದರೆ ನಾಮಿನಿ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಅಲ್ಲಿಯೂ ಒಪ್ಪದಿದ್ದರೆ, ತಿಂಗಳು ಕಳೆದರೂ ಉತ್ತರವಿಲ್ಲದಿದ್ದರೆ ವಿಮೆಯ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಒಂದು ವರ್ಷದೊಳಗೆ, ಶುಲ್ಕವಿಲ್ಲದೆ.

ಆ 3 ವರ್ಷದ ಎಣಿಕೆ ಪಾಲಿಸಿ ಕೊಟ್ಟ ದಿನ, ರಿಸ್ಕ್ (ವಿಮಾ ರಕ್ಷಣೆ) ಶುರುವಾದ ದಿನ, ರೈಡರ್ (ಹೆಚ್ಚುವರಿ ರಕ್ಷಣೆ) ಸೇರಿಸಿದ ದಿನ, ನಿಂತುಹೋದ ಪಾಲಿಸಿ ಮತ್ತೆ ಚಾಲ್ತಿಗೆ ಬಂದ, ಅಂದರೆ ರಿವೈವಲ್ ಆದ ದಿನ, ಇವುಗಳಲ್ಲಿ ಕೊನೆಯದರಿಂದ. ಕಾಫಿ ದುಡ್ಡು ಕೈಸೇರುವುದು ಕೊಯ್ಲಿನ ಮೇಲೆ. ಮಳೆಗಾಲದ ವಾರ್ಷಿಕ ಕಂತು 30 ದಿನದ ಗ್ರೇಸ್ ಅವಧಿಯನ್ನೂ ದಾಟಿ ಪಾಲಿಸಿ ಲ್ಯಾಪ್ಸ್ ಆದರೆ, ಫೆಬ್ರವರಿಯಲ್ಲಿ ರಿವೈವ್ ಮಾಡಿಸುವಾಗ ಆರೋಗ್ಯದ ಘೋಷಣೆಯನ್ನು ಮತ್ತೆ ಬರೆಯಬೇಕಾಗಬಹುದು, 3 ವರ್ಷವೂ ಹೊಸದಾಗಿ ಶುರು. ತೋಟದ ಆದಾಯವನ್ನೇ ನಂಬಿದವರು ಪಾಲಿಸಿಯನ್ನು ಫೆಬ್ರವರಿ, ಮಾರ್ಚಿನಲ್ಲೇ ಆರಂಭಿಸಿದರೆ ಕಂತಿನ ದಿನವೂ ಅಲ್ಲಿಗೇ ಬೀಳುತ್ತದೆ.