ಕಾಲೇಜಿಗೆ ಲೈಂಗಿಕ ಶಿಕ್ಷಣ ಯಾವಾಗಲೂ ಬೇರೆ ಹೆಸರಲ್ಲೇ ಯಾಕೆ ಬಂತು?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಯಾವುದೇ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿ ನೋಡಿ. ಒಬ್ಬರು 'ಅದು 2007ರಲ್ಲೇ ಬ್ಯಾನ್ ಆಗಿದೆಯಲ್ರೀ' ಅನ್ನುತ್ತಾರೆ. ಇನ್ನೊಬ್ಬರು 'ಈಗ ಮಾಡಲೇಬೇಕಂತೆ, ಸರ್ಕ್ಯುಲರ್ ಬಂದಿದೆ' ಅನ್ನುತ್ತಾರೆ. ಮೂರನೆಯವರು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಹೆಸರು ಹೇಳಿ ಮಾತು ಮುಗಿಸುತ್ತಾರೆ. ಕೊನೆಗೆ ಕಾರ್ಯಕ್ರಮ ನಡೆದರೂ ಬ್ಯಾನರಿನಲ್ಲಿ 'ಆರೋಗ್ಯ ಜಾಗೃತಿ ಶಿಬಿರ' ಅಂತ ಇರುತ್ತದೆ, ಒಳಗೆ ರಕ್ತಹೀನತೆ ಬಗ್ಗೆ ಭಾಷಣ ಇರುತ್ತದೆ. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಇಷ್ಟು ಗೋಜಲು ಹೇಗಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಈ ಮೂರೂ ಜಿಲ್ಲೆಗಳ ಸೀಮೆಯ ಬಹುಭಾಗ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಅದೇ ಮುಂಬೈಯಲ್ಲಿ 1921ರಲ್ಲಿ ಆರ್. ಡಿ. ಕರ್ವೆ ಎಂಬ ಗಣಿತದ ಪ್ರಾಧ್ಯಾಪಕರು ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು, ಅದಕ್ಕಾಗಿ ಕಾಲೇಜಿನ ಕೆಲಸ ಕಳೆದುಕೊಂಡರು. ಆಮೇಲೆ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆ ನಡೆಸಿ ಅಶ್ಲೀಲತೆಯ ಕೇಸುಗಳನ್ನೂ ಎದುರಿಸಿದರು. 1934ರಲ್ಲಿ ಕೋರ್ಟಿನಲ್ಲಿ ಅವರ ಪರ ವಾದಿಸಿದ್ದು ಅಂಬೇಡ್ಕರ್. ಇತ್ತ ಮೈಸೂರು ಸಂಸ್ಥಾನ 1930ರಲ್ಲೇ ಇಂಥ ಸರ್ಕಾರಿ ಕ್ಲಿನಿಕ್ ತೆರೆದಿತ್ತು. ಸ್ವಾತಂತ್ರ್ಯದ ನಂತರ 1952ರಲ್ಲಿ ಕುಟುಂಬ ಯೋಜನೆ ಬಂತು, ಅದರ ಗುರುತಾದ ಕೆಂಪು ತ್ರಿಕೋನ ಬಂತು, 1968ರಲ್ಲಿ ಸರ್ಕಾರಿ ಕಾಂಡೋಮ್ ನಿರೋಧ್ ಬಂತು, ತುರ್ತು ಪರಿಸ್ಥಿತಿಯ ಸಂತಾನಹರಣ ಆಪರೇಶನ್ ಕ್ಯಾಂಪುಗಳು ಬಂದು ಹೋದವು. ಇಷ್ಟೆಲ್ಲಾ ನಡೆದದ್ದು ಮದುವೆಯಾದವರಿಗಾಗಿ, ಜನಸಂಖ್ಯೆಯ ಲೆಕ್ಕಕ್ಕಾಗಿ. ಕಾಲೇಜಿನ ಹುಡುಗ ಹುಡುಗಿ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಅವರು ಲೆಕ್ಕಕ್ಕೆ ಬಂದಿದ್ದು ಎಚ್‌ಐವಿ ಬಂದಮೇಲೆ.

ಈ ಘಟ್ಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇವತ್ತಿನ ಕಾಲೇಜು ಕಾರ್ಯಕ್ರಮಗಳ ಅಚ್ಚು ತಯಾರಾಗಿದ್ದು ಆಗಲೇ. ದೇಶದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 2000ದ ಹೊತ್ತಿಗೆ ಉತ್ತರ ಕರ್ನಾಟಕದ ಹೆಸರು ಎಲ್ಲ ವರದಿಗಳಲ್ಲೂ ಇತ್ತು. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿ ಒಂದು ಸಮೀಕ್ಷೆ ನಡೆಯಿತು. ನೂರಕ್ಕೆ ಸುಮಾರು 3 ಜನರಲ್ಲಿ ಸೋಂಕು ಕಂಡಿತು. ಅದು ಬರೀ ಪೇಟೆಯ ರೋಗ ಅಂದುಕೊಂಡಿದ್ದವರಿಗೆ ದೊಡ್ಡ ಪೆಟ್ಟು, ಏಕೆಂದರೆ ಹಳ್ಳಿಗಳಲ್ಲೂ ಅದು ಕಾಣಿಸಿತ್ತು. ಕಾರಣ ಹುಡುಕಿದವರು ಕಬ್ಬಿನ ಸೀಮೆಯ ದುಡ್ಡು, ಮಹಾರಾಷ್ಟ್ರ ಗೋವಾಗಳಿಗೆ ದುಡಿಯಲು ಹೋಗಿ ಬರುವವರು, 1982ರ ಕಾಯ್ದೆಯ ನಂತರವೂ ನಿಲ್ಲದ ದೇವದಾಸಿ ಪದ್ಧತಿ, ಹೆದ್ದಾರಿಯ ಲಾರಿಗಳು, ಹೀಗೆ ಒಂದೊಂದನ್ನೇ ಪಟ್ಟಿ ಮಾಡಿದರು. ಎಚ್‌ಐವಿ ತಡೆಗೆ ಇಂಡೋ-ಕೆನಡಾ ಯೋಜನೆ ಬಂತು, ನಂತರ ಗೇಟ್ಸ್ ಫೌಂಡೇಶನ್ ದುಡ್ಡಿನ 'ಆವಾಹನ್' ಬಂತು. ಮುಧೋಳ, ಜಮಖಂಡಿ ಕಡೆಯ ಹಳ್ಳಿಗಳ ಗೋಡೆಗಳ ಮೇಲೆ ಕಾಂಡೋಮ್ ಅನ್ನುವ ಪದ ದೊಡ್ಡಕ್ಷರದಲ್ಲಿ ಬಂತು. ಅಲ್ಲಿಯವರೆಗೆ ಮೆಡಿಕಲ್ ಶಾಪಿನಲ್ಲಿ ಕಣ್ಸನ್ನೆಯಲ್ಲಿ ಕೇಳುತ್ತಿದ್ದ ವಸ್ತು ಅದು.

ಕಾಲೇಜುಗಳಿಗೆ ಅದು ರೆಡ್ ರಿಬ್ಬನ್ ಕ್ಲಬ್ ಎಂಬ ವಿದ್ಯಾರ್ಥಿಗಳ ಎಚ್‌ಐವಿ ಜಾಗೃತಿ ಸಂಘವಾಗಿ ಬಂತು. ಎನ್ನೆಸ್ಸೆಸ್ ನೋಡಿಕೊಳ್ಳುವ ಲೆಕ್ಚರರಿಗೇ ಅದರ ಹೊಣೆಯೂ ಬಿತ್ತು. ಡಿಸೆಂಬರ್ 1ಕ್ಕೆ, ಅಂದರೆ ವಿಶ್ವ ಏಡ್ಸ್ ದಿನಕ್ಕೆ, ಜಾಥಾ, ಕ್ವಿಜ್, ರಂಗೋಲಿ ಸ್ಪರ್ಧೆ, ಬೀದಿ ನಾಟಕ. ನಾಟಕದಲ್ಲಿ ಒಬ್ಬ ಲಾರಿ ಡ್ರೈವರ್ ಇರಲೇಬೇಕು, ಅವನು ಕೊನೆಗೆ ಸಾಯಲೇಬೇಕು. ಆ ವರ್ಷಗಳಲ್ಲಿ ಓದಿದ ಯಾರನ್ನಾದರೂ ಈಗಲೂ ಕೇಳಿ, ಎಚ್‌ಐವಿ ಹರಡುವ ನಾಲ್ಕು ದಾರಿಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಸೊಳ್ಳೆಯಿಂದ ಬರುವುದಿಲ್ಲ, ಒಟ್ಟಿಗೆ ಉಂಡರೆ ಬರುವುದಿಲ್ಲ ಅನ್ನುವುದೂ ಬಾಯಿಪಾಠ. ಇದು ಸಣ್ಣ ಸಾಧನೆಯಲ್ಲ. ಸೋಂಕು ಇಳಿಯಿತು, ಸೋಂಕಿತರನ್ನು ಊರಾಚೆ ಇಡುವ ಕ್ರೌರ್ಯವೂ ಎಷ್ಟೋ ಕಡಿಮೆಯಾಯಿತು.

ಆದರೆ ಅದೇ ವಿದ್ಯಾರ್ಥಿಗಳಿಗೆ ಅಂಡೋತ್ಪತ್ತಿ ತಿಂಗಳ ಯಾವ ಹೊತ್ತಿಗೆ ಆಗುತ್ತದೆ ಗೊತ್ತಿರಲಿಲ್ಲ. ರೋಗದ ಬಗ್ಗೆ ಹೇಳಿದರು, ದೇಹದ ಬಗ್ಗೆ ಹೇಳಲಿಲ್ಲ. ಎಲ್ಲಾದರೂ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಿ ಅಂತ ಡಬ್ಬಿ ಇಟ್ಟರೆ ಎಚ್‌ಐವಿ ಪ್ರಶ್ನೆಗಳು ಬೆರಳೆಣಿಕೆಯಷ್ಟೇ. ಹುಡುಗರದ್ದು 'ಧಾತು ಹೋದರೆ ನಿಶ್ಶಕ್ತಿ ಬರುತ್ತದಾ', 'ರಾತ್ರಿ ತಾನಾಗೇ ಆಗುತ್ತದೆ, ಇದು ರೋಗವಾ'. ಹುಡುಗಿಯರದ್ದು 'ಎರಡು ತಿಂಗಳಿಂದ ಮುಟ್ಟಾಗಿಲ್ಲ, ಮುಂದೆ ಮಕ್ಕಳಾಗುತ್ತವಾ', 'ಬಿಳಿ ಸೆರಗು ಜಾಸ್ತಿ ಹೋಗುತ್ತದೆ, ಯಾರಿಗೆ ಹೇಳಲಿ'. ಉತ್ತರಗಳು ಕಷ್ಟದವಲ್ಲ. ವೀರ್ಯ ಹೋದರೆ ಶಕ್ತಿ ಹೋಗುವುದಿಲ್ಲ, ಸ್ವಪ್ನಸ್ಖಲನ ರೋಗವಲ್ಲ. ಮುಟ್ಟು ತಪ್ಪುವುದಕ್ಕೆ ಗರ್ಭವೊಂದೇ ಕಾರಣವಲ್ಲ, ಪಿಸಿಓಡಿ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ), ಥೈರಾಯ್ಡ್, ತೂಕ, ಚಿಂತೆ ಏನೂ ಇರಬಹುದು. ಸ್ರಾವದ ಜೊತೆ ತುರಿಕೆ, ವಾಸನೆ ಇದ್ದರೆ, ಬಣ್ಣ ಬದಲಾದರೆ ಡಾಕ್ಟರಿಗೆ ತೋರಿಸಬೇಕು, ಇಲ್ಲದಿದ್ದರೆ ಸಹಜ. ಐದು ನಿಮಿಷದ ಮಾತು ಅಲ್ವಾ? ಅದನ್ನು ಯಾರೂ ಆಡದಿದ್ದಾಗ ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ ತಜ್ಞ' ಆಡಿದ. ಈಗ ಆ ಕೆಲಸ ಮೊಬೈಲ್ ಮಾಡುತ್ತಿದೆ.

ವಿಚಿತ್ರ ಏನೆಂದರೆ ಇದೇ ಹೊತ್ತಿನಲ್ಲಿ ಬೆಳಗಾವಿ ಹೆಂಗಸರ ಆರೋಗ್ಯದ ಸಂಶೋಧನೆಯಲ್ಲಿ ಜಗತ್ತಿಗೇ ಗೊತ್ತಾಗಿತ್ತು. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಹಳ್ಳಿಗಳ 1620 ಬಾಣಂತಿಯರನ್ನು ಅಧ್ಯಯನ ಮಾಡಿ, ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯುತ್ತದೆ ಅಂತ ತೋರಿಸಿದರು. 2006ರಲ್ಲಿ ಅದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗರ್ಭಪಾತದ ಕಿಟ್‌ನಲ್ಲಿ ಮೈಫೆಪ್ರಿಸ್ಟೋನ್ ಎಂಬ ಇನ್ನೊಂದು ಮಾತ್ರೆಯ ಜೊತೆಗಿರುವುದೂ ಇದೇ ಮಾತ್ರೆ. ಆ ಕಿಟ್ ಬೇರೆ, ಸಂಬಂಧವಾದ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ ಬೇರೆ. ತುರ್ತು ಮಾತ್ರೆ ಗರ್ಭ ನಿಲ್ಲದಂತೆ ತಡೆಯುತ್ತದೆ, ಅದಕ್ಕೆ 2005ರಿಂದ ಡಾಕ್ಟರ ಚೀಟಿ ಬೇಕಿಲ್ಲ. ಕಿಟ್ 9 ವಾರದವರೆಗಿನ ಗರ್ಭಕ್ಕೆ, ಅದೂ ಡಾಕ್ಟರ್ ನೋಡಿಯೇ ಕೊಡಬೇಕು. ಎರಡನ್ನೂ ಒಂದೇ ಅಂದುಕೊಂಡಿರುವ ಪದವೀಧರರು ಎಷ್ಟೋ ಮಂದಿ.

ಇನ್ನು ಆ 'ಬ್ಯಾನ್'. ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತು. 2007ರಲ್ಲಿ ಅದರ ಪುಸ್ತಕದ ಚಿತ್ರಗಳ ಮೇಲೆ ಗಲಾಟೆ ಎದ್ದು ಹಲವು ರಾಜ್ಯಗಳು ನಿಲ್ಲಿಸಿದವು, ಅದರಲ್ಲಿ ಕರ್ನಾಟಕವೂ ಒಂದು. ನಿಲ್ಲಿಸಿದವರು ಬೇರೆ ಬೇರೆ ಪಕ್ಷದವರು, ಆಕ್ಷೇಪ ಮಾತ್ರ ಒಂದೇ: ನಮ್ಮ ಸಂಸ್ಕೃತಿಗೆ ಸಲ್ಲದು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂದಿತು. ಗಮನಿಸಿ, ಜಗಳ ನಡೆದದ್ದು ಶಾಲೆಯ ಮಕ್ಕಳ ಬಗ್ಗೆ. ಡಿಗ್ರಿ ಕಾಲೇಜುಗಳಿಗೆ ಯಾರೂ ಬೇಡ ಅಂದಿರಲಿಲ್ಲ. ಆದರೂ ಪ್ರಿನ್ಸಿಪಾಲರು ಸುಮ್ನೆ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಅಂತ ಹಿಂದೆ ಸರಿದರು. ಆ ಭಯ ಆದೇಶಕ್ಕಿಂತ ಹೆಚ್ಚು ಕಾಲ ಬಾಳಿದೆ.

ಪಠ್ಯದಲ್ಲಿ ಇಲ್ಲವೇ ಅಂದರೆ, ಇದೆ. ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ಮಾನವ ಸಂತಾನೋತ್ಪತ್ತಿಗೆ ಒಂದು ಪಾಠ, ಸಂತಾನೋತ್ಪತ್ತಿ ಆರೋಗ್ಯಕ್ಕೆ ಇನ್ನೊಂದು. ಕಾಪರ್ ಟಿಯಿಂದ ಪ್ರನಾಳ ಶಿಶುವಿನವರೆಗೆ ಎಲ್ಲ ಇದೆ. ಓದುವವರು ಮಾತ್ರ ಸೈನ್ಸ್‌ನವರು, ಅದರಲ್ಲೂ ಬಯಾಲಜಿ ತೆಗೆದುಕೊಂಡವರು. ಇಂಡಿ, ಬೀಳಗಿ, ರಾಮದುರ್ಗದಿಂದ ಆರ್ಟ್ಸ್, ಕಾಮರ್ಸ್ ಸೇರುವ ಹುಡುಗಿಗೆ ಹತ್ತನೇ ಕ್ಲಾಸಿನ ಪಾಠವೇ ಕೊನೆ. ಮದುವೆಗೆ ಎಲ್ಲರಿಗಿಂತ ಮೊದಲು ಸಿದ್ಧವಾಗುವವಳೂ ಅವಳೇ.

2012ರ ನಂತರ ವೇದಿಕೆ ಕಾನೂನಿನ ಕೈಗೆ ಹೋಯಿತು. ಪೋಕ್ಸೊ 18ರೊಳಗಿನವರ ಒಪ್ಪಿಗೆಗೆ ಬೆಲೆ ಕೊಡುವುದಿಲ್ಲ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಈ ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಯು ಕಾಲೇಜಿನಲ್ಲಿ ಡಾಕ್ಟರ್ ನಿಲ್ಲುತ್ತಿದ್ದ ಜಾಗಕ್ಕೆ ಸಬ್ ಇನ್‌ಸ್ಪೆಕ್ಟರ್ ಬಂದರು. ಭಾಷಣದ ಸಾರ 'ಪ್ರೀತಿ ಪ್ರೇಮ ಅಂದರೆ ಜೈಲು' ಅಂತಾಯಿತು. ಕಾನೂನಿನ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. 2021ರ ತಿದ್ದುಪಡಿಯ ನಂತರ, ಗರ್ಭನಿರೋಧಕ ಕೈಕೊಟ್ಟು ಗರ್ಭ ನಿಂತರೆ ಮದುವೆಯಾಗದವಳೂ ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಿಕೊಳ್ಳಬಹುದು. 18 ತುಂಬಿದ್ದರೆ ಅವಳ ಸಹಿ ಒಂದೇ ಸಾಕು, ಅಪ್ಪನದ್ದೂ ಬೇಡ ಗಂಡನದ್ದೂ ಬೇಡ. ಹೆಸರು ಗುಟ್ಟಾಗಿಡಬೇಕು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ತಿಳಿಸುವಾಗ ಡಾಕ್ಟರ್ ಅವಳ ಗುರುತು ಕೊಡಬೇಕಿಲ್ಲ ಅಂದಿತು. ಇದು ಗೊತ್ತಿಲ್ಲದವರು ಎಲ್ಲಿಗೆ ಹೋಗುತ್ತಾರೆ ಅನ್ನುವುದಕ್ಕೆ ದೂರ ಹುಡುಕಬೇಕಿಲ್ಲ. 2024ರ ಮೇನಲ್ಲಿ ಮಹಾಲಿಂಗಪುರದಲ್ಲಿ ಮಹಾರಾಷ್ಟ್ರದ ಮಹಿಳೆಯೊಬ್ಬರು ಅಕ್ರಮ ಗರ್ಭಪಾತದ ನಂತರ ತೀರಿಕೊಂಡರು. ಅವರು ವಿದ್ಯಾರ್ಥಿನಿಯಲ್ಲ, ಆ ಪ್ರಕರಣದ ಹಿನ್ನೆಲೆಯೂ ಬೇರೆ. ಆದರೆ ಗುಟ್ಟಾಗಿ ಕರೆದೊಯ್ಯುವ ಅಂಥ ಕೋಣೆಗಳು ನಮ್ಮ ಸೀಮೆಯಲ್ಲಿ ಇವೆ ಅನ್ನುವುದಂತೂ ಬಯಲಾಯಿತು.

ಈಗ ಇರುವುದು 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. ಅಲ್ಲಿ ಮುಟ್ಟಿನ ತೊಂದರೆಯಿಂದ ಗರ್ಭನಿರೋಧಕದವರೆಗೆ ಏನು ಬೇಕಾದರೂ ಕೇಳಬಹುದು. ಆದರೆ ಈ ಯೋಜನೆ 10ರಿಂದ 19 ವರ್ಷದವರಿಗೆ. ಡಿಗ್ರಿ ಮುಗಿಯುವಷ್ಟರಲ್ಲಿ ವಿದ್ಯಾರ್ಥಿ ಅದರಿಂದ ಹೊರಗೆ. ಮದುವೆಯಾದರೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಇವೆರಡರ ನಡುವಿನ ವರ್ಷಗಳಲ್ಲಿ ಇರುವವರೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ತುಂಬಿರುವವರು. ಎಚ್‌ಐವಿ ಕಾಲದಲ್ಲಿ ಆಸ್ಪತ್ರೆಗಳಿಗೆ ಬಂದ ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಲಹಾ ಕೇಂದ್ರ) ಕೌನ್ಸಿಲರುಗಳು ಇನ್ನೂ ಇದ್ದಾರೆ. ಮುಜುಗರ ಇಲ್ಲದೆ, ನಮ್ಮ ಕನ್ನಡದಲ್ಲಿ, ಈ ವಿಷಯ ಮಾತಾಡಲು ತರಬೇತಿ ಪಡೆದವರು ಅವರು. ಡಿಸೆಂಬರ್ 1ಕ್ಕೆ ಕಾಲೇಜುಗಳು ಹೇಗೂ ಅವರನ್ನು ಕರೆಯುತ್ತವೆ. ಜುಲೈನಲ್ಲಿ, ಅಡ್ಮಿಷನ್ ಮುಗಿದ ವಾರ, ಆ ಚೀಟಿ ಡಬ್ಬಿಯ ಸಮೇತ ಕರೆಯುವುದಕ್ಕೆ ಯಾವ ಆದೇಶವೂ ಅಡ್ಡ ಇಲ್ಲ.