ಸಣ್ಣ ಬೋಟಿಗೆ ಲಂಗರಿನ ವಿಂಡ್ಲಾಸ್: ಡೆಕ್ಕಿಗೆ ತೂತು ಕೊರೆಯುವ ಮೊದಲು

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಎಂದರೆ ಕರಾವಳಿಯಲ್ಲಿ ಬೋಟು ದುರಸ್ತಿಯ ಕಾಲ. ಬೋಟು ದಡದಲ್ಲಿರುತ್ತದೆ, ಡೆಕ್ಕಿನ ಅಡಿಗೆ ತೂರಿ ನೋಡಲು ಪುರುಸೊತ್ತಿರುತ್ತದೆ. ಲಂಗರು ಎತ್ತುವ ವಿದ್ಯುತ್ ವಿಂಡ್ಲಾಸ್ ಕೂರಿಸಲು ಇದೇ ಸರಿಯಾದ ಹೊತ್ತು.

ಆದರೆ ಎಲ್ಲ ದೋಣಿಗೂ ಅದು ಬೇಕಿಲ್ಲ. ಹಿಂದೆ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಹೋಗುವ ನಾಡದೋಣಿಯಲ್ಲಿ ಬ್ಯಾಟರಿಗೆ ಚಾರ್ಜ್ ಕೊಡುವ ವ್ಯವಸ್ಥೆ ಇರುವುದಿಲ್ಲ, ಇದ್ದರೂ ಸಾಲದು. ಅಂಥ ದೋಣಿಗೆ ಮೂತಿಯಲ್ಲೊಂದು ಒಳ್ಳೆಯ ರೋಲರ್, ಎಳೆಯಲು ದಪ್ಪ ಹಗ್ಗ ಇದ್ದರೆ ಸಾಕು. ಇಲ್ಲಿ ಹೇಳುತ್ತಿರುವುದು ಒಳಗೆ ಡೀಸೆಲ್ ಎಂಜಿನ್, ಆಲ್ಟರ್ನೇಟರ್, 12 ವೋಲ್ಟ್ ಬ್ಯಾಟರಿ ಇರುವ 8ರಿಂದ 10 ಮೀಟರ್ ಉದ್ದದ ಫೈಬರ್ ಬೋಟಿನ ಬಗ್ಗೆ.

ಮೊದಲು ತೂಕದ ಲೆಕ್ಕ. 8 ಮಾರು ನೀರಿನಲ್ಲಿ ಲಂಗರು ಹಾಕುತ್ತೀರಿ ಎನ್ನಿ, ಅಂದರೆ ಸುಮಾರು 15 ಮೀಟರ್. ನೀರಿನಿಂದ ಮೂತಿಯ ಎತ್ತರ 1 ಮೀಟರ್ ಸೇರಿಸಿ 16. ಅದರ ಐದು ಪಟ್ಟು, 80 ಮೀಟರ್ ಬಿಟ್ಟರೆ ಲಂಗರು ನೆಲಕ್ಕೆ ಮಲಗಿ ಕಚ್ಚಿಕೊಳ್ಳುತ್ತದೆ. ಇದರಲ್ಲಿ 15 ಮೀಟರ್ 8 ಮಿ.ಮೀ. ಸರಪಳಿ, ಉಳಿದ 65 ಮೀಟರ್ 14 ಮಿ.ಮೀ. ನೈಲಾನ್ ಹಗ್ಗ. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕೆ.ಜಿ. ತೂಗುತ್ತದೆ, ಒಟ್ಟು 21 ಕೆ.ಜಿ. ಲಂಗರು 15 ಕೆ.ಜಿ., ಹಗ್ಗ 8 ಕೆ.ಜಿ. ಸೇರಿ 44 ಕೆ.ಜಿ. ಆಯಿತು. ವಿಂಡ್ಲಾಸಿನ ಗರಿಷ್ಠ ಎಳೆತ ಕನಿಷ್ಠ ಇದರ ಮೂರು ಪಟ್ಟು, ಎಂದರೆ 130 ಕೆ.ಜಿ.ಗಿಂತ ಮೇಲಿರಬೇಕು. ಕೆಸರಿನಿಂದ ಲಂಗರು ಕೀಳುವಾಗ ಬೀಳುವ ಭಾರ ತಕ್ಕಡಿಯ ತೂಕಕ್ಕಿಂತ ಬಹಳ ಹೆಚ್ಚು. ಹಾಗಾಗಿ ಲೆಕ್ಕಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನೇ ತೆಗೆದುಕೊಳ್ಳಿ. 700 ವಾಟ್ ಸುತ್ತಮುತ್ತಲಿನ ಯಂತ್ರ ಈ ಅಳತೆಯ ಬೋಟಿಗೆ ಸರಿಹೋಗುತ್ತದೆ.

ಬಲೆಗೆ ಬಳಸುವ ಪಾಲಿಪ್ರೊಪಿಲೀನ್ ಹಗ್ಗ ಹೇಗೂ ಬೋಟಿನಲ್ಲಿದೆ ಎಂದು ಅದನ್ನೇ ಲಂಗರಿಗೆ ಕಟ್ಟಬೇಡಿ. ಅದು ವಿಂಡ್ಲಾಸಿನ ಚಕ್ರದಲ್ಲಿ ಜಾರುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ನೀರಿನ ಮೇಲೆ ತೇಲಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಮುಳುಗುತ್ತದೆ, ಅಲೆಯ ಜಗ್ಗಾಟಕ್ಕೆ ಹಿಗ್ಗಿ ಕೊಡುತ್ತದೆ. ಹಗ್ಗವನ್ನು ಸರಪಳಿಗೆ ಶ್ಯಾಕಲ್ (ಪಿನ್ ಇರುವ ಲೋಹದ ಕೊಂಡಿ) ಹಾಕಿ ಜೋಡಿಸಿದರೆ ಅದು ಚಕ್ರ ದಾಟುವುದಿಲ್ಲ. ಎಳೆಗಳನ್ನು ಕೊನೆಯ ಕೊಂಡಿಗೆ ಸೇರಿಸಿ ಹೆಣೆಯಲೇಬೇಕು.

ಸರಪಳಿ ಕೂರುವ ಗುಳಿಗಳಿರುವ ಚಕ್ರಕ್ಕೆ ಜಿಪ್ಸಿ ಎನ್ನುತ್ತಾರೆ. ದುಡ್ಡು ಕೊಟ್ಟು ಮೋಸಹೋಗುವುದು ಹೆಚ್ಚಾಗಿ ಇಲ್ಲೇ. ಕಬ್ಬಿಣದ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಸರಪಳಿಯ ಕೊಂಡಿಗಳು ಒಂದೇ ಅಳತೆಯವಲ್ಲ. ನಾಲ್ಕು ಕೊಂಡಿ ಕೂತು ಐದನೆಯದು ಹಾರುತ್ತದೆ. ಅಳತೆ ಕಟ್ಟಿದ ಗಿಡ್ಡ ಕೊಂಡಿಯ ಸರಪಳಿಯೇ ಬೇಕು. ಸರಪಳಿಯ ಅಳತೆಗೆ ಎರಡು ಮಾನದಂಡಗಳಿವೆ. 8 ಮಿ.ಮೀ.ನಲ್ಲಿ ಡಿಐಎನ್ 766 ಮತ್ತು ಐಎಸ್‌ಒ ಎರಡರಲ್ಲೂ ಕೊಂಡಿಯ ಒಳ ಉದ್ದ 24 ಮಿ.ಮೀ., ತೊಂದರೆಯಿಲ್ಲ. 10 ಮಿ.ಮೀ.ಗೆ ಹೋದರೆ ಡಿಐಎನ್‌ನದು 28, ಐಎಸ್‌ಒದು 30. ಎರಡೂ '10 ಎಂಎಂ ಚೈನ್' ಎಂದೇ ಮಾರಾಟವಾಗುತ್ತವೆ, ಒಂದರ ಜಿಪ್ಸಿಗೆ ಇನ್ನೊಂದು ಕೂರುವುದಿಲ್ಲ. ಸರಪಳಿಯ ತುಂಡೊಂದನ್ನು ಅಂಗಡಿಗೆ ಒಯ್ದು ಜಿಪ್ಸಿಯ ಮೇಲೆ ಸುತ್ತಿ ನೋಡಿದ ಮೇಲೆಯೇ ಹಣ ಕೊಡಿ.

ಇನ್ನು ಜಾಗ. ಮೂತಿಯ ರೋಲರ್‌ನಿಂದ ಜಿಪ್ಸಿಗೆ ಸರಪಳಿ ನೇರವಾಗಿ ಬರಬೇಕು. ರೋಲರ್‌ನ ನಡುವಿನಿಂದ ದಾರ ಎಳೆದು ನೋಡಿ. ಪಕ್ಕಕ್ಕೆ ವಾಲಿದರೆ ಸರಪಳಿ ತಿರುಚಿಕೊಂಡು ಬಂದು ಗುಳಿಯಿಂದ ಹಾರುತ್ತದೆ. ಡೆಕ್ಕಿನ ಅಡಿಯಲ್ಲಿ, ಪೂರ್ತಿ ಸರಪಳಿ ಗುಡ್ಡೆಬಿದ್ದ ಮೇಲೂ ಕನಿಷ್ಠ 30 ಸೆಂ.ಮೀ. ಖಾಲಿ ಇರಬೇಕು. ಸರಪಳಿಯನ್ನು ಚಕ್ರದಿಂದ ಬಿಡಿಸುವುದು ಕೆಳಗೆ ತೂಗುವ ಅದರದೇ ಭಾರ. ಆ ಜಾಗದಲ್ಲಿ ಬಲೆ, ಐಸ್ ಡಬ್ಬ ತುಂಬುವ ಅಭ್ಯಾಸವಿದ್ದರೆ ಮಧ್ಯೆ ಹಲಗೆ ಹಾಕಿ ಬೇರ್ಪಡಿಸಿ.

ಫೈಬರ್ ಡೆಕ್ ನೋಡಲು ಗಟ್ಟಿ, ಆದರೆ ಎಷ್ಟೋ ಬೋಟುಗಳಲ್ಲಿ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ತೂತು ಕೊರೆದು ಬೋಲ್ಟ್ ಬಿಗಿದುಬಿಟ್ಟರೆ ಆ ಪ್ಲೈವುಡ್ ಅಮುಕಿ ಹೋಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಸಂದಿಯಿಂದ ನೀರಿಳಿದು ಒಳಗೊಳಗೇ ಕೊಳೆಯುತ್ತದೆ. ಮೇಲಿನಿಂದ ಏನೂ ಕಾಣದು. ಒಂದು ದಿನ ಯಂತ್ರ ಡೆಕ್ಕಿನ ತುಂಡಿನ ಸಮೇತ ಕಿತ್ತು ಬರುತ್ತದೆ. ಆದ್ದರಿಂದ ರಟ್ಟಿನ ಅಚ್ಚಿಟ್ಟು ಗುರುತು ಮಾಡಿ, ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯಿರಿ. ಬಾಗಿಸಿದ ಮೊಳೆಯಿಂದ ಸುತ್ತಲಿನ ಪ್ಲೈವುಡ್ಡನ್ನು 10ರಿಂದ 15 ಮಿ.ಮೀ. ಕೆರೆದು ತೆಗೆಯಿರಿ. ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಜುಲೈ ತಿಂಗಳ ಮಳೆಯಲ್ಲಿ ಈ ಕೆಲಸ ಮಾಡುವುದಾದರೆ ಟಾರ್ಪಾಲು ಕಟ್ಟಿ, ಮರ ಪೂರ್ತಿ ಒಣಗಿದ್ದನ್ನು ಖಚಿತ ಮಾಡಿಕೊಳ್ಳಿ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ.

ಡೆಕ್ಕಿನ ಅಡಿಗೆ ಆಧಾರ ಹಲಗೆ ಬೇಕು: 18ರಿಂದ 25 ಮಿ.ಮೀ. ಮರೀನ್ ಪ್ಲೈವುಡ್, ಎಲ್ಲ ಅಂಚಿಗೂ ಎಪಾಕ್ಸಿ ಬಳಿದದ್ದು, ಯಂತ್ರದ ಪಾದಕ್ಕಿಂತ ಸುತ್ತಲೂ ಕನಿಷ್ಠ ಒಂದು ಗೇಣು ಅಗಲ. ಮರದ ಬೋಟಾದರೆ ಅದು ಒಂದು ತೊಲೆಯಿಂದ ಇನ್ನೊಂದಕ್ಕೆ ಮುಟ್ಟಬೇಕು. ಬೋಲ್ಟ್, ನಟ್, ಅಗಲವಾದ ವಾಷರ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಯಂತ್ರದ ಮೈ ಅಲ್ಯೂಮಿನಿಯಂ ಆಗಿದ್ದರೆ ಸ್ಟೀಲ್ ಬೋಲ್ಟ್ ಅದಕ್ಕೆ ನೇರವಾಗಿ ತಾಗದಂತೆ ನೈಲಾನ್ ಬುಷ್ ಹಾಕಿ. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಸವೆಯುವುದು ಅಲ್ಯೂಮಿನಿಯಂ. ಸಂದಿ ಮುಚ್ಚಲು ಸಿಲಿಕೋನ್ ಬೇಡ, ಪಾಲಿಯುರೆಥೇನ್ ಸೀಲಂಟ್ ಬಳಸಿ.

ತಂತಿಯಲ್ಲಿ ಉಳಿತಾಯ ಮಾಡಲು ಹೋಗುವವರು ಹೆಚ್ಚು. ಭಾರ ಎತ್ತುವಾಗ ಈ ಯಂತ್ರ 80 ಆಂಪಿಯರ್‌ನಷ್ಟು ಎಳೆಯುತ್ತದೆ. ಬ್ಯಾಟರಿ ಎಂಜಿನ್ ಬಳಿ, ಯಂತ್ರ ಮೂತಿಯಲ್ಲಿ. ನಡುವೆ 7 ಮೀಟರ್ ಎಂದರೆ ಹೋಗಿ ಬರುವ ತಂತಿ 14 ಮೀಟರ್. 16 ಚದರ ಮಿ.ಮೀ. ತಾಮ್ರ ಹಾಕಿದರೆ ದಾರಿಯಲ್ಲೇ 1.2 ವೋಲ್ಟ್ ಸೋರುತ್ತದೆ, 35 ಚದರ ಮಿ.ಮೀ.ಗೆ ಅದು 0.56ಕ್ಕಿಳಿಯುತ್ತದೆ. 35 ಹಾಕಿ, ತವರ ಲೇಪಿಸಿದ್ದೇ ಆಗಲಿ. ಬ್ಯಾಟರಿ ಖಾಲಿಯಾದೀತೆಂಬ ಹೆದರಿಕೆ ಬೇಡ. ನಾಲ್ಕು ನಿಮಿಷ ಎತ್ತಿದರೂ ಖರ್ಚು ಐದೂವರೆ ಆಂಪಿಯರ್-ಗಂಟೆ ದಾಟುವುದಿಲ್ಲ. ಅಪಾಯ ವೋಲ್ಟೇಜ್ ಕುಸಿತದ್ದು. ಮೋಟಾರು ನಿಧಾನವಾಗಿ ಹೆಚ್ಚು ಹೊತ್ತು ಓಡಿ ಬಿಸಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಸ್ವಿಚ್ ಒತ್ತಿದಾಗ ಮೋಟಾರಿಗೆ ಕರೆಂಟು ಹರಿಸುವ ರಿಲೇ ಬಿಗಿಯಾಗಿ ಹಿಡಿಯಲಾಗದೆ ಪಟಪಟನೆ ಬಡಿದು ಕಿಡಿಹಾರಿಸಿ ಬೆಸೆದುಕೊಳ್ಳುತ್ತದೆ. ಆಗ ಕಾಲು ಸ್ವಿಚ್ ಬಿಟ್ಟರೂ ಚಕ್ರ ನಿಲ್ಲುವುದಿಲ್ಲ. ಬ್ಯಾಟರಿ ಪಕ್ಕದ ಬ್ರೇಕರ್, ಯಂತ್ರದ ಕೈಪಿಡಿ ಹೇಳಿದ ಅಳತೆಯದು, ಥಟ್ಟನೆ ಕೈಗೆ ಸಿಗುವಲ್ಲಿರಬೇಕೆಂದು ಹೇಳುವುದು ಇದಕ್ಕೇ. ರಿಲೇ ಡಬ್ಬವನ್ನು ಸರಪಳಿ ಬೀಳುವ ಒದ್ದೆ ಜಾಗದಲ್ಲಿ ಇಡಬೇಡಿ.

ಕೆಲಸ ಮುಗಿದ ಮೇಲೆ ಬಂದರಿನೊಳಗೇ ಒಮ್ಮೆ ಲಂಗರು ಇಳಿಸಿ ಎತ್ತಿ. ಎಂಜಿನ್ ಓಡುತ್ತಿರಲಿ. ಎತ್ತುವಾಗ ಮೋಟಾರಿನ ತುದಿಯಲ್ಲಿ ಮೀಟರ್ ಹಿಡಿದು ನೋಡಿ, 10.5 ವೋಲ್ಟಿಗಿಂತ ಕೆಳಗಿಳಿದರೆ ತಂತಿಯ ತುದಿಗಳನ್ನೂ ಬ್ಯಾಟರಿಯನ್ನೂ ಪರೀಕ್ಷಿಸಬೇಕು.

ವಿಂಡ್ಲಾಸ್ ಇರುವುದು ಎತ್ತಲಿಕ್ಕೆ, ಬೋಟನ್ನು ಹಿಡಿದು ನಿಲ್ಲಿಸಲಿಕ್ಕಲ್ಲ. ಲಂಗರು ಕಚ್ಚಿದ ಕೂಡಲೇ ಹಗ್ಗವನ್ನು ಮೂತಿಯ ಕಂಬಕ್ಕೆ ಸುತ್ತಿ ಕಟ್ಟಿ. ಚಕ್ರದ ಮೇಲಿನ ಹಗ್ಗ ಸಡಿಲವಾಗಬೇಕು. ರಾತ್ರಿಯಿಡೀ ಅಲೆಯ ಹೊಡೆತವನ್ನು ಚಕ್ರವೇ ತಿಂದರೆ ಗೇರಿನ ಹಲ್ಲು ಮುರಿಯುತ್ತದೆ, ಶಾಫ್ಟ್ ಬಾಗುತ್ತದೆ. ಎತ್ತುವಾಗಲೂ ಬೋಟನ್ನು ಎಂಜಿನ್ನಿಂದ ಮೆಲ್ಲಗೆ ಮುಂದೊಯ್ಯಿರಿ, ಯಂತ್ರ ಸಡಿಲ ಸರಪಳಿಯನ್ನಷ್ಟೇ ಬಾಚಿಕೊಳ್ಳಲಿ. ಬಂಡೆಗೆ ಸಿಕ್ಕಿಕೊಂಡರೆ ಸ್ವಿಚ್ ಒತ್ತುತ್ತಲೇ ಇರಬೇಡಿ. ನೇರ ಮೇಲಕ್ಕೆ ಬಂದು ಕಂಬಕ್ಕೆ ಬಿಗಿದು, ಅಲೆಗೂ ಎಂಜಿನ್ನಿಗೂ ಕೀಳುವ ಕೆಲಸ ಬಿಡಿ. ಚಕ್ರ ತಿರುಗುವಾಗ ಹತ್ತಿರ ನಿಲ್ಲುವವರು ಲುಂಗಿ ಎತ್ತಿ ಕಟ್ಟಿಕೊಳ್ಳಲಿ, ಬಲೆಯ ದಾರ ದೂರವಿರಲಿ, ಸಿಕ್ಕಿದ ಸರಪಳಿ ಬಿಡಿಸಲು ಬ್ರೇಕರ್ ಇಳಿಸಿದ ಮೇಲೆಯೇ ಕೈ ಹಾಕಲಿ.

ಪ್ರತಿ ಸಲ ಸಿಹಿನೀರಿನಿಂದ ತೊಳೆಯಿರಿ, ಕ್ಲಚ್ಚಿಗೆ ಗ್ರೀಸ್ ಹಚ್ಚಿ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದೇ ತಿಳಿಯಿರಿ.

ಒಳಗೆ ಉಳಿಯುವ ಹಗ್ಗದ ಕೊನೆಯನ್ನು ಬೋಟಿನ ಗಟ್ಟಿ ಬಳೆಗೆ ಗಂಟು ಹಾಕಿ, ಶ್ಯಾಕಲ್ ಬೇಡ. ಪೂರ್ತಿ ಬಿಟ್ಟಾಗ ಆ ತುದಿ ಡೆಕ್ಕಿನ ಮೇಲೆ ಕಾಣುವಷ್ಟು ಉದ್ದವಿರಲಿ. ಗಾಳಿ ಎದ್ದು ಲಂಗರು ಬಿಟ್ಟು ಓಡಬೇಕಾದಾಗ ಕತ್ತಿ ಹಾಕಿ ಕಡಿಯುವುದು ಅಲ್ಲಿಯೇ.