ಹಗುರ ಕ್ಯಾಂಪರಿನ ಗೋಡೆಯೊಳಗೆ

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಕ್ಯಾಂಪರನ್ನು, ಅಂದರೆ ಪ್ರವಾಸದಲ್ಲಿ ಮಲಗಲು ಬಳಸುವ ಗಾಲಿಗೂಡನ್ನು, ತಾವೇ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ತೂಕದ ಲೆಕ್ಕ. 12 ಮಿ.ಮೀ. ದಪ್ಪದ ಪ್ಲೈವುಡ್ ಗೋಡೆ ಚದರ ಮೀಟರಿಗೆ ಸುಮಾರು 7 ಕಿಲೋಗ್ರಾಂ ತೂಗುತ್ತದೆ. ಅದರ ಬದಲು 5 ಸೆಂ.ಮೀ. ದಪ್ಪದ ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಲಗೆಯನ್ನು ತೆಗೆದುಕೊಂಡು, ಅದರ ಎರಡೂ ಮುಖಗಳಿಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಫೈಬರ್‌ಗ್ಲಾಸ್ (ಗಾಜಿನ ಎಳೆಯ) ಬಟ್ಟೆಯನ್ನು ಎರಡೆರಡು ಪದರ ಹಾಸಿ, ಬಟ್ಟೆಯಷ್ಟೇ ತೂಕದ ಎಪಾಕ್ಸಿ ರಾಳದಿಂದ ಅಂಟಿಸಿದರೆ, ಒಟ್ಟು ತೂಕ ಚದರ ಮೀಟರಿಗೆ 3 ಕಿಲೋಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ.

ಬೆರಳಿನಿಂದ ಒತ್ತಿದರೆ ತಗ್ಗು ಬೀಳುವ ಫೋಮ್ ಗೋಡೆಯಾಗಿ ನಿಲ್ಲುವುದಾದರೂ ಹೇಗೆ? ಹಲಗೆಯೊಂದು ಬಾಗಿದಾಗ ಅದರ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ನಡುವಿನ ಭಾಗಕ್ಕೆ ಈ ಎಳೆತವೂ ಒತ್ತಡವೂ ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ ಗಟ್ಟಿ ವಸ್ತು ಬೇಕಾಗಿರುವುದು ಹೊರಮೈಗಳಲ್ಲಿ ಮಾತ್ರ. ನಡುವಿನ ಫೋಮಿನ ಕೆಲಸವೆಂದರೆ ಆ ಎರಡು ಮೈಗಳನ್ನು ದೂರವಿಟ್ಟು, ಅವು ಒಂದಕ್ಕೊಂದು ಜಾರದಂತೆ ತಡೆಯುವುದು. ಮೈಗಳು ಹಾಗೆಯೇ ಇದ್ದು ಫೋಮಿನ ದಪ್ಪವನ್ನು 25 ಮಿ.ಮೀ.ನಿಂದ 50 ಮಿ.ಮೀ.ಗೆ ಹೆಚ್ಚಿಸಿದರೆ ತೂಕ ಚದರ ಮೀಟರಿಗೆ ಮುಕ್ಕಾಲು ಕಿಲೋ ಮಾತ್ರ ಏರುತ್ತದೆ, ಬಿಗಿತವಾದರೋ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಮೆರಿಕದ ಎಂಜಿನಿಯರ್ ಬರ್ಟ್ ರುಟಾನ್ ವಿನ್ಯಾಸಗೊಳಿಸಿ 1975ರಲ್ಲಿ ಮೊದಲು ಹಾರಿದ ವೇರಿಈಝೀ ವಿಮಾನದ ರೆಕ್ಕೆಗಳೂ ಈ ತತ್ತ್ವದವೇ: ಬಿಸಿ ತಂತಿಯಿಂದ ಫೋಮನ್ನು ಕೊರೆದು, ಅಚ್ಚಿನ ಹಂಗಿಲ್ಲದೆ, ನೇರವಾಗಿ ಅದರ ಮೇಲೆಯೇ ಗಾಜಿನ ಬಟ್ಟೆ ಹೊದಿಸಲಾಗಿತ್ತು. ರೆಕ್ಕೆಗೆ ಸಾಕಾದದ್ದು ಮಲಗುವ ಗೂಡಿಗೆ ಧಾರಾಳವಾಗಿ ಸಾಕು.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಫೋಮಿಗೂ ಬಟ್ಟೆಗೂ ನಡುವಿನ ಅಂಟಿನ ಮೇಲೆ. ಅದು ಬಿಟ್ಟುಕೊಂಡ ಜಾಗದಲ್ಲಿ ಉಳಿಯುವುದು ಸುಕ್ಕುಗಟ್ಟುವ ತೆಳು ಹಾಳೆ ಮತ್ತು ಮೆತ್ತನೆಯ ಫೋಮ್ ಅಷ್ಟೇ. ಹಾಗಾಗಿ ರಾಳದ ಆಯ್ಕೆಯಲ್ಲಿ ಉಳಿತಾಯದ ಯೋಚನೆ ಸಲ್ಲದು. ಅಗ್ಗದ ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್, ಪಾಲಿಸ್ಟೈರೀನ್ ಫೋಮನ್ನು ನೀರಿಗೆ ಬಿದ್ದ ಸಕ್ಕರೆಯಂತೆ ಕರಗಿಸಿಬಿಡುತ್ತದೆ. ಎಪಾಕ್ಸಿ ಹಾಗೆ ಮಾಡುವುದಿಲ್ಲ. ಫೋಮಿನ ನುಣುಪು ಮೇಲ್ಮೈಯನ್ನು ಮೊದಲು ಉಜ್ಜಿ ಒರಟು ಮಾಡಿಕೊಳ್ಳಬೇಕು. ರಾಳ ಕುಡಿಯುತ್ತಿದ್ದಂತೆ ಬಿಳಿಯ ಬಟ್ಟೆ ಪಾರದರ್ಶಕವಾಗುತ್ತದೆ. ಬಿಳಿಯಾಗಿಯೇ ಉಳಿದ ಕಲೆಗಳೆಂದರೆ ಅಲ್ಲಿ ರಾಳ ತಲುಪಿಲ್ಲ ಅಥವಾ ಗಾಳಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಹೆಚ್ಚಾದ ರಾಳವನ್ನು ರಬ್ಬರ್ ಪಟ್ಟಿಯಿಂದ ಎಳೆದು ತೆಗೆಯಬೇಕು, ಏಕೆಂದರೆ ಅದು ತೂಕ ಕೂಡಿಸುತ್ತದೆಯೇ ಹೊರತು ಬಲವನ್ನಲ್ಲ. ಗಟ್ಟಿಕಾರಕದೊಡನೆ ಬೆರೆಸಿದ ಎಪಾಕ್ಸಿಯನ್ನು ಆಳದ ಡಬ್ಬಿಯಲ್ಲೇ ಬಿಟ್ಟರೆ ತನ್ನದೇ ಬಿಸಿಗೆ ಹೊಗೆಯಾಡಿ ಗಟ್ಟಿಯಾಗಿಬಿಡಬಹುದು. ಅಗಲವಾದ ತಟ್ಟೆಗೆ ಸುರಿದುಕೊಳ್ಳುವುದು ಕ್ಷೇಮ. ಗಟ್ಟಿಯಾದ ಮೇಲೆ ಕೆಲವೊಮ್ಮೆ ಮೇಣದಂಥ ಪೊರೆಯೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ನೀರಿನಿಂದ ತೊಳೆಯದೆ ಸ್ಯಾಂಡ್‌ಪೇಪರ್ ಹಿಡಿದರೆ ಪೊರೆ ಎಲ್ಲೆಡೆ ಸವರಿಕೊಂಡು, ಮುಂದಿನ ಪದರ ಅಂಟದೇ ಹೋದೀತು.

ಗಾಜಿನ ಬಟ್ಟೆ ಚೂಪಾದ ಮೂಲೆಯನ್ನು ಬಳಸಿ ಬಾಗದೆ ಮೇಲೆದ್ದು ನಿಲ್ಲುವುದರಿಂದ ಅಂಚುಗಳನ್ನೆಲ್ಲ ದುಂಡಗೆ ಉಜ್ಜಿಕೊಳ್ಳಬೇಕು. ತಿರುಪು ಬೀಳುವ ಜಾಗಗಳಲ್ಲಿ, ಅಂದರೆ ಬಾಗಿಲಿನ ಕೀಲು, ದೀಪ, ಚಾಸಿಗೆ (ಕೆಳಗಿನ ಚೌಕಟ್ಟಿಗೆ) ಬಿಗಿಯುವ ಬೋಲ್ಟುಗಳ ಕಡೆ, ಫೋಮನ್ನು ಕೆತ್ತಿ ತೆಗೆದು ಮರದ ತುಂಡನ್ನು ಕೂರಿಸಬೇಕು.

ಬಿಸಿಲಿನ ಅತಿನೇರಳೆ ಕಿರಣ ಎಪಾಕ್ಸಿಯನ್ನು ಕೆಡಿಸುವುದರಿಂದ ಬಣ್ಣ ಬಳಿಯುವುದು ಅಲಂಕಾರಕ್ಕಷ್ಟೇ ಅಲ್ಲ. ಬಣ್ಣ ಬಿಳಿಯದಾಗಿದ್ದರೆ ಒಳ್ಳೆಯದು. ಗಾಢ ಬಣ್ಣದ ಮೈ ಬಿಸಿಲಿನಲ್ಲಿ ಫೋಮ್ ಮೆತ್ತಗಾಗುವಷ್ಟು ಕಾಯಬಲ್ಲದು. ಪಾಲಿಸ್ಟೈರೀನ್ ದಟ್ಟ ಹೊಗೆಯೊಡನೆ ಉರಿಯುವ ವಸ್ತುವಾದ್ದರಿಂದ ಒಲೆಯನ್ನು ಕ್ಯಾಂಪರಿನ ಹೊರಗೆ ಇಡುವುದೇ ನನ್ನ ಮಟ್ಟಿಗೆ ಸರಿಯಾದ ವಿನ್ಯಾಸ. ಶಾಖವನ್ನು ಚೆನ್ನಾಗಿ ತಡೆಯುವ ಈ ಗೋಡೆಗಳು ಗಾಳಿಯನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತವೆ. ಮಲಗಿದವರ ಉಸಿರಿನ ತೇವಕ್ಕೆ ಹೊರದಾರಿ ಇರಲೆಂದು ಕೆಳಗೊಂದು, ಮೇಲೊಂದು ಗಾಳಿಕಿಂಡಿ ಬೇಕೇ ಬೇಕು; ಅವುಗಳ ಜಾಗವನ್ನು ಬಟ್ಟೆ ಹೊದಿಸುವ ಮೊದಲೇ ಗುರುತಿಸಿ, ಕೊರೆದ ಅಂಚಿನ ಫೋಮನ್ನು ರಾಳದಿಂದ ಮುಚ್ಚಿಬಿಡಬೇಕು.